ಮಗ್ಗದ ಮೇಲಿನ ಬಲ್ಬು

ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗವಿದೆ. ಹಗಲು ಬೆಳಕಿಂಡಿ ಸಾಕು. ಹೊತ್ತು ಮುಳುಗಿದ ಮೇಲೆ ಬಲ್ಬೇ ಗತಿ. ಬಹಳ ವರ್ಷ ಅಲ್ಲಿದ್ದದ್ದು 60 ವ್ಯಾಟಿನ ಹಳದಿ ಬಲ್ಬು.

ಒಂದು ರಾತ್ರಿ ಕರಿ ಸೀರೆ ನೇಯುತ್ತಿದ್ದೆ. ಬೆಳಿಗ್ಗೆ ಅತ್ತೆ ನೋಡಿ, "ಇದೇನವ್ವಾ, ನಡುವ ನೀಲಿ ಬಂದೈತಲ್ಲ?" ಎಂದರು. ಅಡ್ಡನೂಲು ಸುತ್ತಿದ ಒಂದು ಕಂಡಿಕೆ ಪೂರ್ತಿ ಕಡುನೀಲಿ! ನಾಲ್ಕು ಬೆರಳಿನಷ್ಟು ಹೊಕ್ಕು, ಅಂದರೆ ಆ ಅಡ್ಡನೂಲು, ಬಿಚ್ಚಿದೆವು. ಹಳದಿ ಬಲ್ಬಿನ ಬೆಳಕಲ್ಲಿ ನೀಲಿ ಬಹಳ ಕಡಿಮೆ. ಅದರಡಿ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸವೇ ಕಾಣುವುದಿಲ್ಲ.

ಸರಿ, ಬಿಳಿ ಬೆಳಕೇ ಬೇಕೆಂದು ಅಗ್ಗದ ಎಲ್ಇಡಿ ತಂದೆ. ನೀಲಿ ಚೆನ್ನಾಗಿ ಕಂಡಿತು, ಆದರೆ ಸೆರಗಿನ ಕೆಂಪು ಸತ್ತುಹೋಯಿತು. ಟೋಪ್ ತೆನಿ ಅನ್ನುವ ನಮ್ಮ ಸೆರಗಿನ ವಿನ್ಯಾಸದ ಕೆಂಪು ಒಣಗಿದ ಇಟ್ಟಿಗೆ ಥರ ಕಾಣುತ್ತಿತ್ತು. ಅತ್ತೆಯ ಹಣೆಯ ಕುಂಕುಮವೂ ಹಾಗೇ. ನಮಗೆ ಕೆಂಪೇ ಜೀವ. ಅದು ಸರಿ ಕಾಣದಿದ್ದರೆ ನೂಲಿಗೆ ನೂಲು ಹೊಂದಿಸುವುದು ಹೇಗೆ?

ಆಮೇಲೆ ಅಂಗಡಿಗೆ ಒಂದು ತುಂಡು ಸೆರಗು ಹಿಡಿದುಕೊಂಡೇ ಹೋದೆ. "ಎಷ್ಟು ವ್ಯಾಟ್ ಬೇಕ್ರೀ ಅಕ್ಕಾರ?" ಎಂದರು. ವ್ಯಾಟ್ ಅಂದರೆ ಬಲ್ಬು ತಿನ್ನುವ ಕರೆಂಟು ಅಷ್ಟೇ. ಬೆಳಕು ಎಷ್ಟೆಂದು ಹೇಳುವುದು ಲುಮೆನ್. ಹಳೆಯ 60 ವ್ಯಾಟಿನ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲುಮೆನ್. ಅಷ್ಟು ಬೆಳಕಿಗೆ 9 ವ್ಯಾಟಿನ ಎಲ್ಇಡಿ ಸಾಕು. ಹತ್ತು ತಾಸು ಉರಿದರೆ ಅದಕ್ಕೆ 0.6 ಯೂನಿಟ್, ಇದಕ್ಕೆ 0.09 ಯೂನಿಟ್.

ನಾನು ಡಬ್ಬಿಯ ಮೇಲೆ ಹುಡುಕಿದ್ದು ಸಿಆರ್‌ಐ ಎಂಬ ಅಂಕಿಯನ್ನು. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ಪೂರ್ತಿ 100. ಮಾಮೂಲಿ ಬಲ್ಬುಗಳಲ್ಲಿ 80ರ ಆಸುಪಾಸು ಇರುತ್ತದೆ. ನಾನು 90 ಇದ್ದದ್ದನ್ನು ಆರಿಸಿದೆ. ಬೆಳಕಿನ ಬಣ್ಣ ಹೇಳುವ ಅಂಕಿ ಬೇರೆ, ಅದು 4000 ಕೆಲ್ವಿನ್, ಅಂದರೆ ಹಳದಿಯೂ ಅಲ್ಲ, ನೀಲಿ ಛಾಯೆಯ ಬಿಳಿಯೂ ಅಲ್ಲ. ಸಿಆರ್‌ಐ ಜಾಸ್ತಿ ಇರುವ ಬಲ್ಬು ಅಷ್ಟೇ ವ್ಯಾಟಿಗೆ ಸ್ವಲ್ಪ ಕಡಿಮೆ ಲುಮೆನ್ ಕೊಡುತ್ತದೆ, ಅದಕ್ಕೇ 12 ವ್ಯಾಟಿನದು ತಂದೆ. ಬೆಲೆ ಜಾಸ್ತಿ ಆಯಿತು. ಆದರೆ ಅಂಗಡಿಯಲ್ಲೇ ಉರಿಸಿ ಸೆರಗು ಹಿಡಿದಾಗ ಆ ಕೆಂಪು ಮತ್ತೆ ಬಂತು ನೋಡಿ, ನನಗೆ ಕಣ್ಣು ತುಂಬಿತು.

ಬಲ್ಬು ಎಲ್ಲಿ ಹಾಕುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಮೊದಲು ಅದು ಬೆನ್ನ ಹಿಂದೆ ಇತ್ತು, ನನ್ನ ನೆರಳೇ ಹಣಿಗೆಯ, ಅಂದರೆ ಹೊಕ್ಕು ಬಡಿದು ಕೂರಿಸುವ ಬಾಚಣಿಗೆಯ, ಮೇಲೆ ಬೀಳುತ್ತಿತ್ತು. ಈಗ ಜಂತಿಯಿಂದ ಎಡಕ್ಕೆ, ಸ್ವಲ್ಪ ಮುಂದೆ ಇಳಿಬಿಟ್ಟಿದ್ದೇನೆ. ಮೇಲೆ ತಗಡಿನ ಬುಟ್ಟಿ ಇದೆ, ಬಾಯಿ ಅಗಲವಾಗಿ ತೆರೆದದ್ದು. ಮುಚ್ಚಿದ ಗಾಜಿನೊಳಗೆ ಸಾಮಾನ್ಯ ಎಲ್ಇಡಿ ಹಾಕಬೇಡಿ, ಕಾವು ಹೊರಹೋಗದೆ ಬೇಗ ಕೆಡುತ್ತದೆ.

ಅಡುಗೆಮನೆಗೂ ಅಂಥದೇ ಬಲ್ಬು ಹಾಕಿದ್ದೇವೆ. ರೊಟ್ಟಿ ಬೆಂದದ್ದು, ಸೀದದ್ದು ತಟ್ಟನೆ ತಿಳಿಯುತ್ತದೆ. ಮಲಗುವ ಕೋಣೆಗೆ 2700 ಕೆಲ್ವಿನಿನ ಹಳದಿ ಬೆಳಕು ಸಾಕು, ಅಲ್ಲಿ ನೂಲು ಆರಿಸುವುದಿಲ್ಲ ಅಲ್ವಾ.