ಗದಗಿನಲ್ಲಿ ಹೊಸ ನೌಕರಿಯೇ? ಚಳಿಗಾಲಕ್ಕೆ ಮರುಳಾಗದೆ ಮನೆ ಹಿಡಿಯಿರಿ

ಡಿಸೆಂಬರ್‌ನಲ್ಲಿ ಗದಗಿಗೆ ಬಂದಿಳಿದವರಿಗೆ ಊರು ಬೇಗ ಹಿಡಿಸಿಬಿಡುತ್ತದೆ. ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಮಧ್ಯಾಹ್ನ ಹೆಚ್ಚೆಂದರೆ 30. ಮಳೆ ಇಲ್ಲ, ಕೆಸರಿಲ್ಲ. ಊರು ದಾಟಿದರೆ ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಬೆಂಗಳೂರು, ಮೈಸೂರು, ಮಂಡ್ಯ ಕಡೆಯಿಂದ ಬ್ಯಾಂಕು, ಶಾಲೆ, ಪಂಚಾಯಿತಿ, ಆಸ್ಪತ್ರೆ ಕೆಲಸಕ್ಕೆ ಬರುವ ಹೊಸಬರು 'ಬಿಸಿಲೂರು ಅಂತ ಸುಮ್ನೆ ಹೆದರಿಸಿದ್ದರಲ್ಲ' ಎನ್ನುತ್ತಾ ನೋಡಿದ ಮೊದಲ ಮನೆಗೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಎಡವುವುದು ಅಲ್ಲೇ. ಈ ತಂಪು ಫೆಬ್ರವರಿಯ ತನಕ ಅಷ್ಟೆ. ಏಪ್ರಿಲ್‌ನಲ್ಲಿ ಇದೇ ಊರಲ್ಲಿ ಬಿಸಿಲು 38 ಡಿಗ್ರಿ ಆಸುಪಾಸು ಇರುತ್ತದೆ. ಚಳಿಗೆ ಅಂತ ಇಲ್ಲಿ ಮಾಡಿಕೊಳ್ಳಬೇಕಾದ್ದು ಸ್ವಲ್ಪ. ಬೇಸಿಗೆಗೆ ಬೇಕಾದ್ದನ್ನು ಈಗಲೇ ನೋಡಿಟ್ಟುಕೊಳ್ಳುವ ಕೆಲಸವೇ ಜಾಸ್ತಿ.

ಮೊದಲ ಹೆಜ್ಜೆ: ಒಂದು ವಾರ ಮನೆ ಹಿಡಿಯಬೇಡಿ

ಮೈಸೂರು, ಬೆಂಗಳೂರಿನಿಂದ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ರೈಲು. ಅದು ಗದಗ ಮುಟ್ಟುವುದು ಬೆಳಕು ಹರಿಯುವ ಮುನ್ನ. ಸ್ವೆಟರ್, ಮಫ್ಲರ್ ಸೂಟ್‌ಕೇಸಿನ ತಳದಲ್ಲಿದ್ದರೆ ಪ್ಲಾಟ್‌ಫಾರಂನಲ್ಲೇ ಬ್ಯಾಗು ಬಿಚ್ಚಬೇಕಾಗುತ್ತದೆ, ಕೈಗೆ ಸಿಗುವ ಹಾಗಿಟ್ಟುಕೊಳ್ಳಿ. ಮೊದಲ ವಾರ ಲಾಡ್ಜಿನಲ್ಲೋ ಸಹೋದ್ಯೋಗಿಯ ಖೋಲಿಯಲ್ಲೋ ಇದ್ದು ಊರು ಸುತ್ತಿ. ಗದಗ, ಬೆಟಗೇರಿ ಸೇರಿ ಒಂದೇ ನಗರಸಭೆಯಾದರೂ ನಿಮ್ಮ ಕಚೇರಿ ಯಾವ ತುದಿಯಲ್ಲಿದೆ ಅನ್ನುವುದರ ಮೇಲೆ ಓಡಾಟದ ಲೆಕ್ಕ ಬದಲಾಗುತ್ತದೆ. ಮುಳಗುಂದ ನಾಕಾ ಕಡೆ ಕೆಲಸ ಇಟ್ಟುಕೊಂಡು ಬೆಟಗೇರಿಯಲ್ಲಿ ಮನೆ ಮಾಡಿದರೆ ದಿನಾ ಊರೊಳಗಿನ ಗದ್ದಲ ದಾಟಬೇಕು.

'ಹುಬ್ಬಳ್ಳಿಯಲ್ಲಿದ್ದು ಓಡಾಡಿದರೆ?' ಎಂದು ಬಹಳ ಜನ ಕೇಳುತ್ತಾರೆ. ಎರಡು ಊರಿನ ನಡುವೆ ಸುಮಾರು 58 ಕಿ.ಮೀ., ಬಸ್ಸೂ ಇದೆ, ರೈಲೂ ಇದೆ. ಹಾಗೆ ಓಡಾಡುವವರು ಬೇಕಾದಷ್ಟಿದ್ದಾರೆ. ನನ್ನ ಕೇಳಿದರೆ ಮೊದಲ ಆರು ತಿಂಗಳು ಬೇಡ. ಸರ್ಕಾರಿ ನೌಕರರು ಕೇಂದ್ರಸ್ಥಾನದಲ್ಲೇ ಇರಬೇಕೆಂಬ ನಿಯಮ ಇರುವುದು ಒಂದು ಕಡೆ. ಸಂಜೆ ಐದೂವರೆಗೆ ಬಸ್ ಸ್ಟ್ಯಾಂಡಿಗೆ ಓಡುವವರನ್ನು ಊರು ತನ್ನವರೆಂದು ಎಣಿಸುವುದೇ ಇಲ್ಲ, ಅದು ಇನ್ನೊಂದು ಕಡೆ.

ಎರಡನೆಯದು: ಬಾಡಿಗೆಗಿಂತ ಮೊದಲು ನೀರು ಕೇಳಿ

ಮನೆ ನೋಡಲು ಹೋದಾಗ ಗೋಡೆ, ಟೈಲ್ಸು ಆಮೇಲೆ ನೋಡಿ. ಗದಗ-ಬೆಟಗೇರಿಗೆ ಕುಡಿಯುವ ನೀರು ಬರುವುದು ತುಂಗಭದ್ರೆಯಿಂದ, ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜ್ ಕಡೆಯಿಂದ. ಅಷ್ಟು ದೂರದ ನೀರು ನಳದಲ್ಲಿ ದಿನಾ ಬರುವುದಿಲ್ಲ. ಓಣಿ ಓಣಿಗೆ ಪಾಳಿ ಬೇರೆ. ಬೇಸಿಗೆಯಲ್ಲಿ ಪಾಳಿ ಇನ್ನೂ ಹಿಂದೆ ಬೀಳುತ್ತದೆ.

ಮನೆ ಮಾಲೀಕರನ್ನು 'ನೀರು ಹೇಗೆ?' ಅಂತ ಕೇಳಿದರೆ 'ನೀರಿಂದೇನ್ ತ್ರಾಸಿಲ್ರಿ ಸರ' ಅನ್ನುವ ಉತ್ತರ ಖಾಯಂ. ಅದು ಸುಳ್ಳಲ್ಲ, ಅವರಿಗೆ ಅಭ್ಯಾಸವಾಗಿದೆ ಅಷ್ಟೆ. ಕೇಳಬೇಕಾದ್ದು ಪಕ್ಕದ ಮನೆಯವರನ್ನು, ಅದೂ ಬೇರೆ ರೀತಿಯಲ್ಲಿ: 'ಅಕ್ಕಾರ, ನಿಮ್ಮ ಓಣಿಗೆ ನಳ ಕಡೀಕ ಯಾವತ್ತು ಬಂದಿತ್ರಿ? ಅದರ ಹಿಂದಿನ ಸಲ?' ನಡುವಿನ ದಿನಗಳನ್ನು ಎಣಿಸಿಕೊಳ್ಳಿ. 'ಹೋದ ವರ್ಷ ಮೇ ತಿಂಗಳಾಗ ಏನ್ ಮಾಡಿದ್ರಿ?' ಅಂತ ಇನ್ನೊಂದು ಪ್ರಶ್ನೆ ಹಾಕಿ. ಟ್ಯಾಂಕರ್ ತರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನು ಲೆಕ್ಕ. ಒಬ್ಬರಿಗೆ ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಸೇರಿ ದಿನಕ್ಕೆ 100 ಲೀಟರ್ ಹಿಡಿಯಿರಿ. ಹತ್ತು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ ಒಬ್ಬರಿಗೇ 1,000 ಲೀಟರ್ ಸಂಗ್ರಹ ಬೇಕು. ಗಂಡ, ಹೆಂಡತಿ, ಮಗು ಇದ್ದರೆ 3,000. ಮೇಲಿನ ಸಿಂಟೆಕ್ಸ್ ಒಂದೇ ಸಾಲದು, ಕೆಳಗೆ ಸಂಪು ಇರಲೇಬೇಕು. ಸಂಪು ಎಷ್ಟು ಮನೆಗಳಿಗೆ ಹಂಚಿಕೆ, ಮೋಟರ್ ಹಾಕುವುದು ಯಾರು, ಅದರ ಕರೆಂಟು ಯಾರ ಮೀಟರಿಗೆ ಬೀಳುತ್ತದೆ, ಇದಿಷ್ಟನ್ನು ಮುಚ್ಚಳ ತೆಗೆಸಿ ಒಳಗೆ ನೋಡುತ್ತಲೇ ಕೇಳಿಬಿಡಿ. ಮುಲಾಜು ಬೇಡ. ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

'ಬೋರ್ ಐತ್ರಿ, ಚಿಂತಿ ಇಲ್ಲ' ಅಂದರೆ ಅರ್ಧ ಮಾತ್ರ ಖುಷಿಪಡಿ. ಬೋರಿನ ನೀರು ಬಳಕೆಗೆ ಆಗುತ್ತದೆ, ಬಾಯಿಗೆ ಬೇಡ. ಗದಗ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಆಮೇಲೆ ಕೀಲು ಹಿಡಿಯುತ್ತದೆ. ಮಕ್ಕಳಿರುವವರು ಇದನ್ನು ಹಗುರವಾಗಿ ತಗೊಳ್ಳಬೇಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವೇ ಆಗುತ್ತದೆ. ಆರ್‌ಒ ಆದರೆ ತೆಗೆಯುತ್ತದೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ಮನೆಗೆ ಎಷ್ಟು ಹತ್ತಿರ ಇದೆ ಎಂದು ನೋಡಿಕೊಳ್ಳಿ. ಎರಡು ಕ್ಯಾನ್ ಕೊಂಡಿಟ್ಟುಕೊಂಡರೆ ಒಂದು ಖಾಲಿಯಾದಾಗ ಓಡಬೇಕಾಗಿಲ್ಲ. ಅನ್ನ, ಸಾರಿಗೂ ಅದೇ ನೀರು.

ಬಕೆಟ್ಟು, ಡ್ರಮ್ಮು, ಕೊಡ ತುಂಬಿಡುವ ಮನೆಯಲ್ಲಿ ಡೆಂಗಿ ಸೊಳ್ಳೆಯ ಭಯವೂ ಇದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ವಾರ ಸಾಕು. ಮುಚ್ಚಿಡಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ.

ಮೂರನೆಯದು: ಮನೆಯನ್ನು ಮಧ್ಯಾಹ್ನ ಎರಡಕ್ಕೆ ನೋಡಿ

ಬೆಳಗ್ಗೆ ಒಂಬತ್ತಕ್ಕೆ ನೋಡಿದರೆ ಇಲ್ಲಿನ ಎಲ್ಲ ಮನೆಯೂ ತಂಪೇ. ಊಟದ ಹೊತ್ತಿನಲ್ಲಿ ಇನ್ನೊಂದು ಸುತ್ತು ಹೋಗಿ, ಮಲಗುವ ಕೋಣೆಯ ಪಡುವಣ ಗೋಡೆಗೆ ಕೈ ಇಟ್ಟು ನೋಡಿ. ಡಿಸೆಂಬರ್‌ನಲ್ಲೇ ಬೆಚ್ಚಗಿದೆ ಎಂದರೆ ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಆರುವುದಿಲ್ಲ. ಮೇಲೆ ಬೇರೆ ಮಹಡಿ ಇಲ್ಲದ ಆರ್‌ಸಿಸಿ ಮನೆಯ ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣ ಇದೇ. ಹಳೆ ಓಣಿಗಳಲ್ಲಿ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆ ಸಿಕ್ಕರೆ ಪುಣ್ಯ. ಬೆಳಕು ಕಡಿಮೆ, ಆದರೆ ಎರಡೂ ಕಾಲಕ್ಕೆ ಹಿತ.

ಒಪ್ಪಂದ ಪತ್ರ ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಈ 11. 'ನಂಬಿಕಿ ಮ್ಯಾಲ ಇರೋಣ್ರಿ' ಅಂದರೂ ನಗುತ್ತಲೇ ಕಾಗದ ಮಾಡಿಸಿಕೊಳ್ಳಿ, ಅದು ಕರೆಂಟು ಬಿಲ್ಲಿಗೂ ಬೇಕು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ನಿಮ್ಮ ಆಧಾರ್ ಹಿಂದಿನ ಊರಿನ ಮೀಟರಿಗೆ ಜೋಡಣೆಯಾಗಿರುತ್ತದೆ. ಮೊದಲು ಸೇವಾ ಸಿಂಧುವಿನಲ್ಲಿ ಅದನ್ನು ಬಿಡಿಸಿ, ಆಮೇಲೆ ಹೊಸ ಮನೆಯ ಆರ್‌ಆರ್ ನಂಬರ್ ಹಾಕಿ. ಈ ಭಾಗದ ಕರೆಂಟು ಹೆಸ್ಕಾಂನದು, ದೂರಿಗೆ 1912.

ಗ್ಯಾಸ್ ವಿಷಯ: ಬೇರೆ ಊರಿಗೆ ಹೊರಟಾಗ ಸಿಲಿಂಡರ್, ರೆಗ್ಯುಲೇಟರ್ ಹಳೆ ಏಜೆನ್ಸಿಗೆ ವಾಪಸ್ ಕೊಟ್ಟು ವರ್ಗಾವಣೆ ಚೀಟಿ ತರಬೇಕು. ಅದು ಆಗುವ ತನಕ ಐದು ಕಿಲೋದ ಸಣ್ಣ ಸಿಲಿಂಡರ್ ಸಾಕು. ಅದಕ್ಕೆ ವಿಳಾಸದ ದಾಖಲೆ ಕೇಳುವುದಿಲ್ಲ, ಗುರುತಿನ ಚೀಟಿ ತೋರಿಸಿದರಾಯಿತು.

ನಾಲ್ಕನೆಯದು: ಚಳಿ ಎಂಬುದು ಇಲ್ಲಿ ಒಣ ಗಾಳಿ

ಮಲೆನಾಡಿನ ಹಾಗೆ ಇಬ್ಬನಿಯ ಚಳಿ ಅಲ್ಲ ಇದು. ಗಾಳಿಯಲ್ಲಿ ತೇವವೇ ಇರುವುದಿಲ್ಲ. ತುಟಿ, ಹಿಮ್ಮಡಿ ಒಡೆಯುತ್ತದೆ, ಮೂಗಿನೊಳಗೆ ಉರಿ, ಜೊತೆಗೆ ಎರೆ ಮಣ್ಣಿನ ಧೂಳು. ಬೈಕಿನವರು ಹೆಲ್ಮೆಟ್ ಒಳಗೆ ಕಿವಿ ಮುಚ್ಚುವ ಹಾಗೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ. ದಪ್ಪ ಜಾಕೆಟ್ಟಿಗೆ ದುಡ್ಡು ಸುರಿಯಬೇಡಿ, ಹತ್ತು ಗಂಟೆಯ ಹೊತ್ತಿಗೆ ಅದನ್ನು ಕುರ್ಚಿಗೆ ನೇತುಹಾಕಿರುತ್ತೀರಿ. ತೆಗೆಯಲು ಬರುವ ಒಂದು ಸ್ವೆಟರ್ ಸಾಕು. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿ ತಗೊಳ್ಳಿ.

ಹೊದಿಕೆಗೆ ಕೌದಿ. ಅಂಗಡಿಯ ರಗ್ಗಿಗಿಂತ ಇದಕ್ಕೇ ನನ್ನ ಓಟು. ಹಳೆ ಹತ್ತಿ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಬೆರಳಿಗೆ ಸಿಗುವಷ್ಟು ಉಬ್ಬಾದ ಹೊಲಿಗೆ. ಮೈಮೇಲೆ ಭಾರ ಬೀಳುತ್ತದೆ, ಆದರೆ ಚುಚ್ಚುವುದಿಲ್ಲ, ಬೆವರು ಹಿಡಿಯುವುದಿಲ್ಲ. ನಿಮ್ಮ ಮನೆಯ ಹಳೆ ಸೀರೆಗಳನ್ನು ತಂದುಕೊಟ್ಟರೆ ಹೊಲಿದುಕೊಡುವ ಹೆಣ್ಣುಮಕ್ಕಳು ಓಣಿಯಲ್ಲೇ ಇರುತ್ತಾರೆ. ಮಾಲೀಕರ ಮನೆಯ ಅಜ್ಜಿಯನ್ನು ಕೇಳಿದರೆ ವಿಳಾಸದ ಜೊತೆ, ಎಷ್ಟು ಕೊಡಬೇಕು ಅನ್ನುವುದೂ ತಿಳಿಯುತ್ತದೆ. ಒಂದೇ ತೊಂದರೆ ಎಂದರೆ ತೊಳೆಯುವುದು. ನೀರು ಬಂದ ದಿನ ಬಿಟ್ಟು ಬೇರೆ ದಿನ ಕೌದಿಗೆ ಕೈ ಹಾಕಬೇಡಿ.

ಐದನೆಯದು: ಹೊಟ್ಟೆಗೆ ರೊಟ್ಟಿ ರೂಢಿ ಮಾಡಿಸಿ

ಅನ್ನ, ಮುದ್ದೆ ಉಂಡು ಬೆಳೆದವರು ಮೊದಲ ದಿನವೇ ನಾಲ್ಕು ಜೋಳದ ರೊಟ್ಟಿ ಹೊಡೆದು ಸಂಜೆ ಹೊಟ್ಟೆ ಹಿಡಿದುಕೊಳ್ಳುವುದುಂಟು. ಒಂದರಿಂದ ಶುರು ಮಾಡಿ. ಖಾನಾವಳಿಯಲ್ಲಿ ತಾಟಿಗೆ ಮೊದಲು ಬರುವುದು ಬಿಸಿ ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಪಕ್ಕದಲ್ಲಿ ಹಸಿ ಮೂಲಂಗಿ, ಮೆಂತ್ಯ, ಹಕ್ಕರಿಕೆ. ಈ ಹಸಿ ಸೊಪ್ಪು ಚಳಿಗಾಲದಲ್ಲಿ ತುಂಬಾ ಎಳಸಾಗಿ ಸಿಗುತ್ತದೆ, ಅಲಂಕಾರಕ್ಕೆಂದು ಬದಿಗೆ ಸರಿಸಬೇಡಿ, ರೊಟ್ಟಿಗೆ ಅದೇ ಜೋಡಿ. 'ಇನ್ನೊಂದ್ ಹಾಕ್ಲೇನ್ರಿ?' ಅಂತ ಬಡಿಸುವವರು ಕೇಳಿದಾಗ ಬೇಡವಾದರೆ ಕೈ ಅಡ್ಡ ಹಿಡಿಯಿರಿ, ಬರೀ ಬಾಯಲ್ಲಿ ಬೇಡ ಅಂದರೆ ಬೀಳುವುದು ಬಿದ್ದೇ ಬೀಳುತ್ತದೆ. ಅನ್ನ ಸಾರು ಕೊನೆಗೆ ಬರುತ್ತದೆ, ಜಾಗ ಉಳಿಸಿಕೊಳ್ಳಿ.

ಒಬ್ಬರೇ ಇರುವವರು ತಿಂಗಳ ಲೆಕ್ಕದಲ್ಲಿ ಖಾನಾವಳಿ ಹಚ್ಚಬಹುದು. ಮನೆಯಲ್ಲಿ ಅಡುಗೆ ಮಾಡುವವರಿಗೂ ರೊಟ್ಟಿ ಬಡಿಯುವ ಗೋಜು ಬೇಡ, ರೊಟ್ಟಿ ಮಾರುವ ಮನೆಗಳಲ್ಲಿ ಎಣಿಸಿ ಕೊಡುತ್ತಾರೆ. ಕಡಕ್ ರೊಟ್ಟಿ ಕಟ್ಟು ಕಟ್ಟಿ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಮುರಿದು ಬಿಸಿ ಬೇಳೆಗೆ ಹಾಕಿ ಎರಡು ನಿಮಿಷ ಬಿಟ್ಟರೆ ರಾತ್ರಿಯ ಊಟ ಮುಗಿಯಿತು. ಅಗಸಿ ಚಟ್ನಿ, ಗುರೆಳ್ಳು ಚಟ್ನಿಯ ಪುಡಿ ಎರಡು ಡಬ್ಬಿ ಇರಲಿ. ಜನವರಿ ಕಳೆಯುತ್ತಿದ್ದಂತೆ ಹಾಲುಗಾಳಿನ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ಬರುತ್ತದೆ. ಬೆಲ್ಲ, ಶೇಂಗಾ ಚಟ್ನಿ ಜೊತೆ ತಿನ್ನಿ. ಕೆಲವೇ ವಾರ ಸಿಗುವ ತಿಂಡಿ, ರಜೆ ಹಾಕಿಯಾದರೂ ಹೊಲಕ್ಕೆ ಹೋಗಿ ಎಂಬುದು ನನ್ನ ಪಕ್ಷಪಾತದ ಸಲಹೆ.

ಆರನೆಯದು: ಕರೆದಾಗ ಹೋಗಿ

ಚಳಿಗಾಲದಲ್ಲಿ ಸೇರಿದವರಿಗೆ ಇರುವ ದೊಡ್ಡ ಅನುಕೂಲ ಇದು. ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಎಳ್ಳ ಅಮಾವಾಸ್ಯೆ ಬರುತ್ತದೆ. ರೈತ ಮನೆತನದವರು ಹೊಲಕ್ಕೆ ಬುತ್ತಿ ಒಯ್ದು, ಪೂಜೆ ಮಾಡಿ, ಬೆಳೆಗೆ ಚರಗ (ನೈವೇದ್ಯದ ಅಡುಗೆ) ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ. ಕಚೇರಿಯಲ್ಲಿ ಯಾರಾದರೂ 'ಸರ, ನಮ್ಮ ಹೊಲಕ್ಕ ಬರ್ರಿ' ಅಂದರೆ ಅದು ಬಾಯಿಮಾತಲ್ಲ, ನಿಮ್ಮ ಪಾಲಿನ ಬುತ್ತಿಯೂ ಕಟ್ಟಿರುತ್ತಾರೆ. ಚಪ್ಪಲಿ ಗಟ್ಟಿಯದಿರಲಿ, ಎರೆ ಹೊಲದ ಬಿರುಕಿನಲ್ಲಿ ಕಾಲು ಉಳುಕುತ್ತದೆ. ಸಂಕ್ರಾಂತಿಗೆ ಕುಸುರೆಳ್ಳು ತಂದಿಟ್ಟುಕೊಂಡು ಕಚೇರಿಯ ಹಿರಿಯರಿಗೆ ನೀವೇ ಮೊದಲು ಕೊಡಿ. ಪಹರೆಯವರಿಂದ ಹಿಡಿದು ಸಾಹೇಬರ ತನಕ ಎಲ್ಲರಿಗೂ 'ರಿ' ಸೇರಿಸಿ ಮಾತಾಡಿ, ಅಷ್ಟು ಸಾಕು. ಅವರ ಮಾತಿನ ಧಾಟಿಯನ್ನು ಅಣಕಿಸುವ ಹಾಗೆ ಅನುಕರಿಸುವುದು ಮಾತ್ರ ಬೇಡ.

ಭಾನುವಾರದ ಸುತ್ತಾಟಕ್ಕೆ ಹಳೆ ಗುಡಿಗಳ ಊರು ಲಕ್ಕುಂಡಿ ಇದೆ, ಸುಮಾರು 12 ಕಿ.ಮೀ. ದೂರ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಮಾತ್ರ ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇರುವುದು ಚಳಿಗಾಲದಲ್ಲಷ್ಟೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮನ್ನಣೆ ಸಿಕ್ಕಿದೆ. ಬೆಳಗ್ಗೆ ಹೋಗಿ, ದಂಡೆಯಿಂದ ದೂರ ನಿಂತು ನೋಡಿ.

ಕೊನೆಗೆ, ದುಡ್ಡು ಮತ್ತು ಕೂಲರ್

ಸರ್ಕಾರಿ ನೌಕರಿಗೆ ಹೊಸದಾಗಿ ಸೇರಿದವರ ಮೊದಲ ಸಂಬಳ ತಿಂಗಳ ಕೊನೆಗೇ ಬರುತ್ತದೆ ಎಂದು ನಂಬಿ ಕೂರಬೇಡಿ. ಕೆಜಿಐಡಿ (ಸರ್ಕಾರಿ ವಿಮೆ), ಎನ್‌ಪಿಎಸ್ (ಪಿಂಚಣಿ) ಸಂಖ್ಯೆ, ಸಂಬಳದ ಬಿಲ್ಲು ಮಾಡುವ ಎಚ್‌ಆರ್‌ಎಂಎಸ್ ನೋಂದಣಿ ಇವೆಲ್ಲ ಮುಗಿಯಬೇಕು. ಎರಡು ಮೂರು ತಿಂಗಳ ಬಾಡಿಗೆ, ಊಟದ ದುಡ್ಡು ಕೈಯಲ್ಲಿರಲಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ.

ಸಂಬಳ ಬಂದ ಮೇಲೆ ಮೊದಲ ದೊಡ್ಡ ಖರೀದಿ ಏರ್ ಕೂಲರ್ ಆಗಲಿ, ಅದೂ ಫೆಬ್ರವರಿ ಮುಗಿಯುವ ಮುನ್ನ. ಬೇಸಿಗೆ ಹತ್ತಿದ ಮೇಲೆ ಬೇಕಾದ ಅಳತೆಯದು ಸಿಗುವುದಿಲ್ಲ, ಚೌಕಾಸಿಯೂ ನಡೆಯುವುದಿಲ್ಲ. ಕರಾವಳಿಯಲ್ಲಿ ಕೂಲರ್ ದಂಡ, ಇಲ್ಲಿನ ಒಣ ಹವೆಗೆ ಅದು ಹೇಳಿ ಮಾಡಿಸಿದ್ದು. ಕಿಟಕಿ ತೆರೆದಿಟ್ಟು ಓಡಿಸಬೇಕು. ಅಂದ ಹಾಗೆ ಅದಕ್ಕೂ ದಿನಾ ಬಕೆಟ್‌ಗಟ್ಟಲೆ ನೀರು ಬೇಕು, ಸಂಪಿನ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.