ಚುಕ್ಕಿಯ ಪೊರೆ ಹರಿದು ಬಂದಾಗ

ಚುಕ್ಕಿ ನಾನು ಸಾಕಿರುವ ಹಾವು, ಬಾಲ್ ಪೈಥಾನ್ ಎಂಬ ಜಾತಿಯ ಹೆಬ್ಬಾವು. ಆರು ವರ್ಷದಿಂದ ಜೊತೆಗಿದ್ದಾಳೆ. ಅವಳು ಪೊರೆ ಬಿಟ್ಟ ದಿನವೆಂದರೆ ನನಗೆ ಸಣ್ಣ ಹಬ್ಬ. ಕಾಲುಚೀಲವನ್ನು ತಿರುವಿ ಕಳಚಿಟ್ಟ ಹಾಗೆ, ಮೂತಿಯಿಂದ ಬಾಲದ ತುದಿವರೆಗೆ ಒಂದೇ ತುಂಡು, ಒಳಮೈ ಹೊರಗಾಗಿ ಬಿದ್ದಿರುತ್ತಿತ್ತು. ಆ ಬೆಳಿಗ್ಗೆ ಟ್ಯಾಂಕಿನಲ್ಲಿ ಕಂಡಿದ್ದು ಒಣಗಿದ ಈರುಳ್ಳಿ ಸಿಪ್ಪೆಯಂಥ ಐದಾರು ಚೂರುಗಳು. ಅವಳ ಬೆನ್ನ ಮೇಲೆ ಅಲ್ಲಲ್ಲಿ ಬೂದು ಬಣ್ಣದ ತೇಪೆಗಳು, ಬಾಲದ ತುದಿಗೆ ಬಿಗಿದ ಉಂಗುರ, ಬಲಗಣ್ಣು ಕಪ್ಪಗೆ ಹೊಳೆಯುತ್ತಿದ್ದರೆ ಎಡಗಣ್ಣು ಮಾತ್ರ ಮಂಕು.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಕುತ್ತಿಗೆಯ ಹಿಂದೆ ಒಂದು ಅಂಚು ಎದ್ದು ನಿಂತಿತ್ತು. ಸುಲಭವಾಗಿ ಬರುತ್ತದೆ ಅಂದುಕೊಂಡು ಹಿಡಿದು ಎಳೆದೆ. ಎರಡು ಬೆರಳಷ್ಟು ಬಂತು, ಆಮೇಲೆ ನಿಂತಿತು. ಚುಕ್ಕಿ ಮೈ ಸೆಟೆಸಿ ಹಿಂದಕ್ಕೆ ಜಗ್ಗಿದಳು. ನಾನು ಬಿಡಲಿಲ್ಲ. ಇನ್ನೊಂದಿಷ್ಟು ಬಂದಾಗ ಅದರಡಿಯ ಹುರುಪೆಗಳು ಹೊಳೆಯಲಿಲ್ಲ, ತಿಳಿಗೆಂಪಾಗಿ ಹಸಿಹಸಿಯಾಗಿ ಕಂಡವು. ಕೈ ನಡುಗಿತು. ಅಲ್ಲಿಗೆ ನಿಲ್ಲಿಸಿದೆ. ಆ ಜಾಗ ವಾಸಿಯಾಗಲು ಮುಂದಿನ ಎರಡು ಪೊರೆಗಳೇ ಬೇಕಾದವು.

ಆದದ್ದೇನೆಂದು ಆಮೇಲೆ ಅರ್ಥವಾಯಿತು. ಪೊರೆ ಬಿಡುವ ಮೊದಲು ಹಾವಿನ ಹಳೇ ಹೊರಪದರದ ಕೆಳಗೆ ಹೊಸ ಪದರವೊಂದು ಪೂರ್ತಿಯಾಗಿ ಬೆಳೆಯುತ್ತದೆ. ಎರಡರ ನಡುವೆ ದುಗ್ಧರಸ ಎಂಬ ಮೈಯೊಳಗಿನ ದ್ರವ ಸೇರಿಕೊಂಡು ಅವನ್ನು ಬೇರೆ ಮಾಡುತ್ತದೆ. ಆ ದಿನಗಳಲ್ಲಿ ಕಣ್ಣು ಹಾಲು ಬೆರೆಸಿದ ನೀಲಿಯಾಗಿ ಕಾಣುವುದು ಇದರಿಂದಲೇ. ಕಣ್ಣು ಮತ್ತೆ ತಿಳಿಯಾದ ಕೆಲವು ದಿನಕ್ಕೆ ಹಾವು ಮೂತಿಯನ್ನು ಒರಟು ಜಾಗಕ್ಕೆ ಉಜ್ಜಿ, ತುಟಿಯಂಚಿನಲ್ಲಿ ಪೊರೆ ಬಿಡಿಸಿಕೊಂಡು ಹೊರಬರುತ್ತದೆ. ಸುತ್ತಲಿನ ಗಾಳಿ ಒಣಗಿದ್ದರೆ, ಹಾವಿನ ಮೈಯಲ್ಲೇ ನೀರು ಕಡಿಮೆಯಿದ್ದರೆ ಹಳೇ ಪದರ ಗಡುಸಾಗಿ ಹರಿದುಹೋಗುತ್ತದೆ, ಹರಿದದ್ದು ಮೈಗೇ ಒಣಗಿ ಅಂಟಿಕೊಳ್ಳುತ್ತದೆ. ಅದನ್ನು ಒಣಗಿದ್ದಾಗಲೇ ಎಳೆದರೆ ಹೊಸ ಚರ್ಮವೂ ಜೊತೆಗೇ ಕಿತ್ತು ಬರುತ್ತದೆ. ಹಾಗಾಗಿ ಇಲ್ಲಿ ಕೆಲಸ ಮಾಡಬೇಕಾದ್ದು ನೀರು, ನಮ್ಮ ಉಗುರಲ್ಲ.

ಆ ಸಂಜೆಯೇ ಶುರುಮಾಡಿದೆ. ಗಾಳಿಯಾಡಲು ತೂತು ಕೊರೆದ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ಮಡಚಿದ ಟವೆಲ್, ಮೇಲೆ ಉಗುರುಬೆಚ್ಚಗಿನ ನೀರು. ಕೈಯಿಟ್ಟು ಅಂದಾಜು ಮಾಡಲಿಲ್ಲ, ಥರ್ಮಾಮೀಟರ್ ಇಟ್ಟು 29 ಡಿಗ್ರಿ ಸೆಲ್ಸಿಯಸ್ ನೋಡಿಕೊಂಡೆ. ನಮ್ಮ ಕೈಗೆ ಹಿತವಾದ ಬಿಸಿ ಹಾವಿಗೆ ಅತಿಯಾಗಬಹುದು. ನೀರು ಅವಳ ಮೈಯ ಅರ್ಧದಷ್ಟೇ ಎತ್ತರ, ತಲೆಯೆತ್ತಿ ಆರಾಮವಾಗಿ ಉಸಿರಾಡುವಷ್ಟು. 25 ನಿಮಿಷ ಪಕ್ಕದಲ್ಲೇ ಕೂತಿದ್ದೆ. ಇದನ್ನು ಒತ್ತಿ ಹೇಳುತ್ತೇನೆ: ಹಾವನ್ನು ನೀರಲ್ಲಿಟ್ಟು ಎದ್ದು ಹೋಗಬೇಡಿ. ದಣಿದ ಹಾವು ಮುಳುಗಬಹುದು, ನೀರು ತಣ್ಣಗಾದರೆ ಅದರ ಮೈಯೂ ತಣ್ಣಗಾಗುತ್ತದೆ. ಎತ್ತಿದ ಮೇಲೆ ಡಬ್ಬದ ನೀರನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆಗಳು ತೇಲುತ್ತಿದ್ದರೆ ಮೈಯಲ್ಲಿ ಉಣ್ಣಿಯಂಥ ಸಣ್ಣ ಪರೋಪಜೀವಿಗಳಿವೆ ಎಂದರ್ಥ, ಪೊರೆ ಕೆಡಲು ಅವೂ ಒಂದು ಕಾರಣ. ಅಂಥದ್ದೇನೂ ಇರಲಿಲ್ಲ.

ನನಗೆ ನಿಜವಾಗಿ ನೆರವಾದದ್ದು ನೆನೆಸಿದ ನಂತರದ ಹತ್ತು ನಿಮಿಷ. ಒರಟು ನೂಲಿನ ಟವೆಲ್ಲನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಎರಡು ಅಂಗೈಯಲ್ಲಿ ಸಡಿಲವಾಗಿ ಹಿಡಿದೆ. ಚುಕ್ಕಿ ಅದರೊಳಗೆ ನುಗ್ಗಿದಳು. ನಾನು ಒತ್ತಲಿಲ್ಲ, ಎಳೆಯಲಿಲ್ಲ, ಅವಳು ಮುಂದೆ ಹೋದ ಹಾಗೆ ಕೈ ಬದಲಿಸುತ್ತಾ ಹೋದೆ ಅಷ್ಟೇ. ಹಾವು ಕಾಡಲ್ಲಿ ಕಲ್ಲಿನ ಸಂದಿಯಲ್ಲಿ ತೂರುವಾಗ ಆಗುವುದೂ ಇದೇ. ಮೂರನೇ ಸುತ್ತಿಗೆ ಬೆನ್ನಿನ ಒಂದು ತೇಪೆ ಅಂಚಿನಿಂದ ಸುರುಳಿ ಸುತ್ತಿಕೊಂಡು ಟವೆಲ್ಲಿಗೆ ಅಂಟಿತು. ಒದ್ದೆ ಕಾಗದ ಬಿಡಿಸಿದಂಥ ಸಣ್ಣ ಸದ್ದು. ಅದರಡಿಯಿಂದ ಕಡುಕಂದಿನ ಮೇಲೆ ಜೇನುಬಣ್ಣದ ಮಚ್ಚೆ, ಎಣ್ಣೆ ಸವರಿದಷ್ಟು ಹೊಳಪಾಗಿ ಹೊರಬಂತು. ಅವಳು ನಾಲಿಗೆ ಚಾಚುತ್ತಾ ನಿಧಾನಕ್ಕೆ ಹರಿಯುತ್ತಲೇ ಇದ್ದಳು.

ಒಂದೇ ದಿನಕ್ಕೆ ಎಲ್ಲಾ ಬರಲಿಲ್ಲ. ದಿನಕ್ಕೊಂದೇ ಸಲದಂತೆ ಮೂರು ದಿನ ನೆನೆಸಿದೆ. ಅದಕ್ಕಿಂತ ಹೆಚ್ಚು ಮಾಡಿದರೆ ಹಾವು ಗಾಬರಿಯಾಗುತ್ತದೆ. ಎಣ್ಣೆ ಹಚ್ಚಿ ಎಂದು ಹೇಳಿದವರು ಹಲವರಿದ್ದರು, ನಾನು ಹಚ್ಚಲಿಲ್ಲ. ಒಣಗಿದ ಪೊರೆಗೆ ಬೇಕಿರುವುದು ನೀರು, ಎಣ್ಣೆ ಅದನ್ನು ಕೊಡುವುದಿಲ್ಲ.

ಬಾಲದ ತುದಿಯದ್ದೇ ಬೇರೆ ಕಥೆ. ಮಿಕ್ಕ ಕಡೆ ಒಂದಿಷ್ಟು ಪೊರೆ ಉಳಿದರೆ ಮುಂದಿನ ಸಲ ಹೋಗುತ್ತದೆ ಎಂದು ಕಾಯಬಹುದು. ಬಾಲದಲ್ಲಿ ಹಾಗಲ್ಲ. ಉಂಗುರ ಒಣಗಿದಷ್ಟೂ ಬಿಗಿಯುತ್ತದೆ, ರಕ್ತ ಹರಿಯುವುದು ನಿಂತರೆ ತುದಿ ಕಪ್ಪಾಗಿ ಸತ್ತೇ ಹೋಗುತ್ತದೆ. ಒದ್ದೆ ಹತ್ತಿಬಟ್ಟೆಯನ್ನು ಬಾಲಕ್ಕೆ ಸುತ್ತಿ ಸ್ವಲ್ಪ ಹೊತ್ತು ಹಿಡಿದು, ಆಮೇಲೆ ಬಟ್ಟೆಯ ಮೇಲಿಂದಲೇ ಹೆಬ್ಬೆರಳಲ್ಲಿ ಮೇಲಿನಿಂದ ತುದಿಯ ಕಡೆಗೆ ಸವರಿದೆ. ಮೂರನೇ ದಿನ ಟೋಪಿ ಕಳಚಿದಂತೆ ಬಂತು. ಬೆಳಕಿಗೆ ಹಿಡಿದರೆ ಅದು ಒಂದು ಪದರವಲ್ಲ, ಮೂರು. ಹಿಂದಿನ ಎರಡು ಸಲವೂ ತುದಿ ಬಿಟ್ಟಿರಲಿಲ್ಲ, ನಾನು ಬಿದ್ದ ಪೊರೆಯನ್ನು ಬಾಲದವರೆಗೆ ಬಿಡಿಸಿ ನೋಡಿರಲಿಲ್ಲ. ಅವಳ ತುದಿ ಸ್ವಲ್ಪ ಸೊರಗಿತ್ತು, ಬಣ್ಣ ಮಾತ್ರ ಕೆಟ್ಟಿರಲಿಲ್ಲ.

ಕಣ್ಣನ್ನು ನಾನು ಮುಟ್ಟಲೇ ಇಲ್ಲ. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನ ಬಿಲ್ಲೆಯಂಥ ಪಾರದರ್ಶಕ ಹುರುಪೆ ಇರುತ್ತದೆ, ಪೊರೆಯ ಜೊತೆ ಅದೂ ಕಳಚಬೇಕು. ಕಣ್ಣಿನ ಪೊರೆ ಎಂದರೆ ನಮ್ಮ ಮಾತಿನಲ್ಲಿ ಮುಪ್ಪಿಗೆ ಬರುವ ಕಾಯಿಲೆ, ಅದಕ್ಕೇ ನಾನು ಇದನ್ನು ಬಿಲ್ಲೆ ಎಂದೇ ಕರೆಯುವುದು. ಎಡಗಣ್ಣಿನ ಬಿಲ್ಲೆ ಉಳಿದಿತ್ತು. ಚಿಮಟದಿಂದಲೋ ಅಂಟುಪಟ್ಟಿಯಿಂದಲೋ ತೆಗೆಯಲು ಹೋಗಿ ಕೆಳಗಿನ ಹೊಸ ಬಿಲ್ಲೆಯೂ ಹರಿದರೆ ಕಣ್ಣೇ ಹೋಗಬಹುದು. ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಿಗೆ ತೋರಿಸಿದೆ. ಊತವಿಲ್ಲ, ಕೀವಿಲ್ಲ, ಮುಂದಿನ ಪೊರೆಯವರೆಗೆ ಕಾಯಿರಿ, ಗಾಳಿಯ ತೇವ ಸರಿಮಾಡಿ ಎಂದರು.

ತೇವ ಸರಿಯಾಗಿಯೇ ಇದೆ ಎಂದು ನಾನು ನಂಬಿದ್ದೆ. ಟ್ಯಾಂಕಿನ ಗೋಡೆಗೆ ಅಂಟಿಸಿದ, ತೇವ ಅಳೆಯುವ ಮುಳ್ಳಿನ ಮಾಪಕ ಯಾವಾಗಲೂ ಶೇಕಡಾ 60 ತೋರಿಸುತ್ತಿತ್ತು. ಹೊಸ ಡಿಜಿಟಲ್ ಹೈಗ್ರೋಮೀಟರ್ (ತೇವಮಾಪಕ) ತಂದು ಅವಳು ಮಲಗುವ ಮಟ್ಟದಲ್ಲಿ ಇಟ್ಟಾಗ ಕಂಡದ್ದು 34. ಮುಳ್ಳು ಎಂದೋ ಸಿಕ್ಕಿಹಾಕಿಕೊಂಡಿತ್ತು. ಚಳಿಗೆಂದು ನಾನು ಹಾಕಿದ್ದ ದೊಡ್ಡ ದೀಪ ಗಾಳಿಯನ್ನು ಒಣಗಿಸಿ, ಮೇಲಿನ ಜಾಲರಿಯಿಂದ ಇದ್ದಬದ್ದ ತೇವವೂ ಹೊರಹೋಗುತ್ತಿತ್ತು. ಪೊರೆ ಕೆಟ್ಟದ್ದು ಚುಕ್ಕಿಯಿಂದಲ್ಲ, ಅವಳ ಮನೆಯಿಂದ.

ದೀಪ ಚಿಕ್ಕದು ಮಾಡಿದೆ. ಬಿಸಿ ಬದಿ 32, ತಂಪು ಬದಿ 26 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು. ದೀಪದ ಜಾಗ ಬಿಟ್ಟು ಜಾಲರಿಯ ಹೆಚ್ಚಿನ ಭಾಗ ಮುಚ್ಚಿ, ಗಾಳಿಯಾಡಲು ಒಂದು ಅಂಚು ಬಿಟ್ಟೆ. ಅವಳು ಪೂರ್ತಿ ಮುಳುಗಿ ಕೂರುವಷ್ಟು ದೊಡ್ಡ ನೀರಿನ ಬಟ್ಟಲು, ಕೆಳಗೆ ದಪ್ಪನೆಯ ತೆಂಗಿನ ನಾರಿನ ಪುಡಿ, ಮೂತಿ ಉಜ್ಜಲು ಒಂದು ಒರಟು ಮರದ ತುಂಡು. ಎಲ್ಲಕ್ಕಿಂತ ಉಪಯೋಗವಾದದ್ದು ಒಂದು ಮುಚ್ಚಿದ ಡಬ್ಬ: ಪಕ್ಕದಲ್ಲಿ ಅವಳು ತೂರುವಷ್ಟು ತೂತು, ಒಳಗೆ ಹಿಂಡಿದರೆ ಹನಿ ಬೀಳದಷ್ಟು ಒದ್ದೆಯಾದ ಸ್ಫ್ಯಾಗ್ನಮ್ ಪಾಚಿ. ತೇವ ಬೇಕೆನಿಸಿದಾಗ ಅವಳೇ ಹೋಗಿ ಕೂರುತ್ತಾಳೆ. ಇಡೀ ಟ್ಯಾಂಕನ್ನು ನೀರು ಚಿಮುಕಿಸಿ ಕೆಸರು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಸದಾ ಒದ್ದೆ ನೆಲದ ಮೇಲೆ ಮಲಗಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಶ್ವಾಸದ ಸೋಂಕೂ ಬರಬಹುದು.

ಐದು ವಾರದ ಮೇಲೆ ಕಣ್ಣು ಮತ್ತೆ ಮಂಕಾಯಿತು. ಅಂದಿನಿಂದ ಅವಳನ್ನು ಎತ್ತಲಿಲ್ಲ, ಊಟ ಕೊಡಲಿಲ್ಲ. ಆ ಸಮಯದಲ್ಲಿ ಅವಳಿಗೆ ಸರಿಯಾಗಿ ಕಾಣುವುದಿಲ್ಲ, ಬೇಗ ಬೆಚ್ಚುತ್ತಾಳೆ. ತೇವವನ್ನು 70ರ ಹತ್ತಿರ ಇಟ್ಟು, ಪಾಚಿ ಒಣಗದಂತೆ ನೋಡಿಕೊಂಡೆ.

ಒಂಬತ್ತನೇ ದಿನ ಬೆಳಿಗ್ಗೆ ಡಬ್ಬದ ಬಾಯಲ್ಲಿ ಪೊರೆ ಬಿದ್ದಿತ್ತು, ಒಂದೇ ತುಂಡು, ಇನ್ನೂ ಮೆತ್ತಗೆ. ಮೊದಲು ಬಾಲ ಬಿಡಿಸಿದೆ, ಚೂಪಾದ ತುದಿ ಇತ್ತು. ಆಮೇಲೆ ತಲೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಲಗಣ್ಣಿನ ಜಾಗದಲ್ಲಿ ನೀರಿನ ಹನಿಯಂತೆ ತಿಳಿಯಾದ ಒಂದು ಬಿಲ್ಲೆ. ಎಡಗಣ್ಣಿನ ಜಾಗದಲ್ಲಿ ಒಂದರ ಮೇಲೊಂದು ಅಂಟಿದ ಎರಡು.