ಬದು ಎಲ್ಲರಿಗೂ ಬೇಕು, ಕೋಡಿ ಯಾರ ಹೊಲದಲ್ಲಿ? ಬೆಣ್ಣೆಹಳ್ಳದ ಮೇಲ್ಭಾಗದಲ್ಲಿ ನನ್ನ ಅನುಭವ

ಬೆಣ್ಣೆಹಳ್ಳ ಹುಟ್ಟುವುದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಹತ್ತಿರ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳ ನಡುವೆ ಹರಿದು, ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮೆಣಸಗಿ ಹತ್ತಿರ ಮಲಪ್ರಭೆಗೆ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಇದರಲ್ಲಿ ಏನಿದೆ ಅನ್ನಿಸುತ್ತದೆ. ದೊಡ್ಡ ಮಳೆ ಬಿದ್ದಾಗ ಇದೇ ಹಳ್ಳ ಕೆಳಗಿನ ಊರುಗಳ ದಾರಿ ಮುಚ್ಚುತ್ತದೆ, ನಿಂತ ಬೆಳೆಯನ್ನು ಎಳೆದುಕೊಂಡು ಹೋಗುತ್ತದೆ. 2009ರ ನೆರೆ, 2019ರ ನೆರೆ ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ.

ಆ ನೀರು ಮೇಲಿನ ಹೊಲಗಳಿಂದಲೇ ಇಳಿದು ಬರುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದರಲ್ಲಿ ಎಷ್ಟು ಹೊಲದಲ್ಲೇ ಇಂಗಿತು, ಎಷ್ಟು ಮಣ್ಣು ಹೊತ್ತು ಹಳ್ಳಕ್ಕೆ ಹೋಯಿತು ಎನ್ನುವುದು ಮೇಲಿನ ಊರುಗಳಲ್ಲಿ ತೀರ್ಮಾನ ಆಗುತ್ತದೆ. ನಾನು ಕುಂದಗೋಳ ತಾಲ್ಲೂಕಿನ ಅಂಥ ಒಂದು ಊರಿನಲ್ಲಿ ಸಮುದಾಯ ಸಂಘಟಕನಾಗಿ ಜಲಾನಯನ ಯೋಜನೆ, ಅಂದರೆ ಒಂದೇ ಹಳ್ಳಕ್ಕೆ ನೀರು ಇಳಿಯುವ ಹೊಲಗಳಲ್ಲಿ ಬದು, ಹೊಂಡ ಮಾಡಿ ಮಣ್ಣು ನೀರು ಉಳಿಸುವ ಯೋಜನೆ, ಮಾಡಿಸಿದವನು. ಈ ಕೆಲಸ ಕಲಿತದ್ದು ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆಯ ಕಾಲದಲ್ಲಿ. 2001ರಿಂದ 2009ರವರೆಗೆ ನಡೆದ ಆ ಯೋಜನೆಯಲ್ಲಿ ಧಾರವಾಡ, ಹಾವೇರಿ ಎರಡೂ ಇದ್ದವು. ಸರ್ವೆ ನಂಬರ್ ಹಿಡಿದು ಒಂದೊಂದೇ ಹೊಲಕ್ಕೆ ಹೋಗಿ, ಮಾಲೀಕರ ಎದುರಿಗೇ ಯೋಜನೆ ಬರೆಯುವ ಪದ್ಧತಿಯನ್ನು ಅಲ್ಲಿ ಕಲಿತೆ. ಇವತ್ತಿಗೂ ಅದಕ್ಕಿಂತ ಒಳ್ಳೆ ಪದ್ಧತಿ ನನಗೆ ಗೊತ್ತಿಲ್ಲ.

ನಮ್ಮ ಊರಿಗೆ ಹಣ ಬಂದದ್ದು ಅದರ ನಂತರದ ಸಮಗ್ರ ಜಲಾನಯನ ಕಾರ್ಯಕ್ರಮದಲ್ಲಿ. ಆಗ ಹೆಕ್ಟೇರಿಗೆ 12,000 ರೂಪಾಯಿ ದರ. ಒಂದು ಕಿರು ಜಲಾನಯನ ಅಂದರೆ ಹೆಚ್ಚು ಕಡಿಮೆ 500 ಹೆಕ್ಟೇರ್, ಅಂದರೆ 60 ಲಕ್ಷ. ಕೇಳೋದಕ್ಕೆ ದೊಡ್ಡ ಮೊತ್ತ. ಆಡಳಿತ, ತರಬೇತಿ, ಜೀವನೋಪಾಯದ ಬಾಬತ್ತು ಎಲ್ಲ ತೆಗೆದರೆ ಮಣ್ಣು ನೀರಿನ ಕೆಲಸಕ್ಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನು ಮೊದಲ ಗ್ರಾಮಸಭೆಯಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸಿದೆವು. ಲೆಕ್ಕ ಮೊದಲೇ ಗೊತ್ತಿದ್ದರೆ ಜನ ಸುಮ್ನೆ ಎಲ್ಲವನ್ನೂ ಕೇಳುವುದಿಲ್ಲ, ಯಾವುದು ಮೊದಲು ಅಂತ ಕೇಳುತ್ತಾರೆ. ಜನರ ವಿಶ್ವಾಸ ಗಳಿಸಲು ಶುರುವಿನಲ್ಲೇ ಮಾಡುವ ಕೆಲಸಕ್ಕೆ 4 ಪರ್ಸೆಂಟ್ ಇತ್ತು. ಹೆಣ್ಣುಮಕ್ಕಳ ಸಂಘದವರು ದನಗಳಿಗೆ ನೀರಿನ ತೊಟ್ಟಿ ಬೇಕು ಅಂದರು. ಅದನ್ನೇ ಮೊದಲು ಕಟ್ಟಿಸಿದೆವು.

ನಕ್ಷೆ ಬಿಡಿಸಿದ್ದು ಗುಡಿಯ ಮುಂದಿನ ಅಂಗಳದಲ್ಲಿ, ರಂಗೋಲಿ ಪುಡಿಯಿಂದ. ಹಳ್ಳಕ್ಕೆ ನೀಲಿ, ಎರೆಗೆ ಇದ್ದಿಲು, ಮಸಾರಿಗೆ (ಕೆಂಪು ಮಣ್ಣಿಗೆ) ಇಟ್ಟಿಗೆ ಪುಡಿ. ಗಂಡಸರು ಹೊಲದ ಗಡಿ ಸರಿಯಾಗಿ ಹಾಕಿದರು. ಯಾವ ಹೊಲದಲ್ಲಿ ನೀರು ನಿಲ್ಲುತ್ತದೆ ಅಂತ ಖಚಿತವಾಗಿ ತೋರಿಸಿದವರು ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು. ಕೊರಕಲುಗಳನ್ನು ತೋರಿಸಿದವರು ಕುರಿ ಕಾಯುವವರು. ಒಂದು ಗುಂಟೆ ಜಮೀನಿಲ್ಲದ ಆ ಕುರಿಗಾಹಿಗಳಿಗೆ ಮೇಲಿನ ಮಡ್ಡಿಯ (ಕಲ್ಲು ದಿಬ್ಬದ) ಒಂದೊಂದು ಸರುವೂ, ಅಂದರೆ ನೀರು ಹರಿಯುವ ಸಣ್ಣ ತೋಡೂ, ಗೊತ್ತಿತ್ತು. ಅವರನ್ನು ಕರೆಯದೆ ನಕ್ಷೆ ಮಾಡಿದ್ದರೆ ಅರ್ಧ ನಕ್ಷೆ ಖಾಲಿ ಇರುತ್ತಿತ್ತು.

ಆಮೇಲೆ ನಡಿಗೆ. ಮಡ್ಡಿಯ ನೆತ್ತಿಯಿಂದ ಹಳ್ಳದವರೆಗೆ, ನೀರು ಇಳಿಯುವ ದಾರಿಯಲ್ಲೇ. ಮಳೆ ಬಿದ್ದ ಮರುದಿನ ನಡೆಯುವುದು ನನ್ನ ಹಟ. ಬೇಲಿಗೆ ಸಿಕ್ಕಿಕೊಂಡ ಹುಲ್ಲು ಕಸ ನೋಡಿದರೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ತಿಳಿಯುತ್ತದೆ. ಕೋಡಿ, ಅಂದರೆ ಬದುವಿನಲ್ಲಿ ಹೆಚ್ಚಾದ ನೀರು ಹೊರಗೆ ಹೋಗಲು ಬಿಡುವ ದಾರಿ, ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ಎಂಜಿನಿಯರ್ ಲೆಕ್ಕದ ಜೊತೆ ಈ ಗುರುತೂ ಬೇಕು.

ಎರೆ ಭೂಮಿಯ ಸ್ವಭಾವ ಇಲ್ಲಿ ಸ್ವಲ್ಪ ಹೇಳಬೇಕು. ಬೇಸಿಗೆಯಲ್ಲಿ ಅದು ಬಿರಿಯುತ್ತದೆ. ಮೊದಲ ಮಳೆ ಆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ತೀರಾ ನಿಧಾನ. ಮಸಾರಿಯಲ್ಲಿ ಹಾಕುವಂತೆ ಇಲ್ಲಿ ಸಮಪಾತಳಿ (ಉದ್ದಕ್ಕೂ ಒಂದೇ ಮಟ್ಟದ) ಬದು ಹಾಕಿ ನೀರನ್ನು ತಡೆದು ನಿಲ್ಲಿಸಿದರೆ, ಹೆಸರು ಬೆಳೆ ಬೇರು ಕೊಳೆತು ಹಳದಿಯಾಗುತ್ತದೆ. ಕೊನೆಗೆ ಬಿರುಕು ಇದ್ದಲ್ಲಿ ಬದು ಒಡೆಯುತ್ತದೆ. ಅದಕ್ಕೇ ಎರೆಯಲ್ಲಿ ಬದುವಿಗೆ ಸಣ್ಣ ಇಳಿಜಾರು ಕೊಡಬೇಕು. 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂಟಿಮೀಟರ್ ಸಾಕು. ನೀರು ಅವಸರ ಇಲ್ಲದೆ ಬದುವಿನ ಗುಂಟ ಸರಿದು, ಮಣ್ಣು ಬಿಟ್ಟು, ಕಲ್ಲಿನ ಕೋಡಿಯಿಂದ ಹೊರಗೆ ಹೋಗಬೇಕು. ಎರಡು ಕೋಲಿಗೆ ಪಾರದರ್ಶಕ ಪೈಪ್ ಕಟ್ಟಿ ನೀರು ತುಂಬಿ ಮಟ್ಟ ನೋಡುವುದನ್ನು ರೈತರಿಗೇ ಕಲಿಸಿದೆವು. ಒಮ್ಮೆ ಕಣ್ಣಿಂದ ನೋಡಿದ ಮೇಲೆ ಮಟ್ಟದ ಬಗ್ಗೆ ಯಾರೂ ವಾದ ಮಾಡಲಿಲ್ಲ.

ವಾದ ಬಂದದ್ದು ಕೋಡಿಯ ಬಗ್ಗೆ. ಬದು ಬೇಡ ಅಂದವರು ಯಾರೂ ಇರಲಿಲ್ಲ, ಆದರೆ ಮೇಲಿನವನ ಕೋಡಿ ನೀರು ತನ್ನ ಹೊಲಕ್ಕೆ ಬರುವುದು ಯಾರಿಗೂ ಬೇಡ. ಈ ಮಾತುಕತೆ ಆಗದೆ ಬರೆದ ಯೋಜನೆ ಕಾಗದದಲ್ಲಿ ಎಷ್ಟೇ ಚೆನ್ನಾಗಿರಲಿ, ಮೊದಲ ದೊಡ್ಡ ಮಳೆಗೆ ಯಾರಾದರೂ ರಾತ್ರಿ ಸಲಿಕೆ ಹಿಡಿದು ಬದು ಕಡಿಯುತ್ತಾರೆ. ನಾನು ಹಾಗೆ ಕಡಿದ ಬದುಗಳನ್ನು ಬೇರೆ ಊರುಗಳಲ್ಲಿ ನೋಡಿದ್ದೇನೆ. ಹಾಗಾಗಿ ನಮ್ಮ ಸಮಯದ ಬಹುಪಾಲು ಇದಕ್ಕೇ ಕೊಟ್ಟೆವು.

ಒಂದು ಕಡೆ ಮೇಲಿನ ಹೊಲ, ಕೆಳಗಿನ ಹೊಲ ಎರಡೂ ಒಂದೇ ಮನೆತನದ ದಾಯಾದಿಗಳದು.

"ಕಾಕಾ, ನಿಮ್ಮ ನೀರು ನನ್ನ ಹೊಲದಾಗ ಯಾಕ ಬರಬೇಕು?" ಅಂತ ಕೆಳಗಿನವನು ಕೇಳಿದ.

"ನೀರು ಇಳಿಜಾರಿಗೆ ಹೋಗಾಕಬೇಕಲ್ಲೋ ತಮ್ಮಾ. ನಾ ಏನು ಅದನ್ನ ಕೊಡದಾಗ ತುಂಬಿ ಇಟ್ಕೊಳ್ಳಿ?" ಅಂದರು ಹಿರಿಯರು.

ಇಬ್ಬರ ಮಾತೂ ಸರಿಯೇ. ಬಗೆಹರಿದದ್ದು ಹೊಲದಲ್ಲೇ, ಊರ ನಾಲ್ಕು ಜನ ಹಿರಿಯರ ಎದುರಿಗೆ. ಕೋಡಿಯನ್ನು ಹೊಲದ ನಡುವೆ ಬಿಡದೆ ಗಡಿಯ ಅಂಚಿಗೆ ತಂದೆವು. ಗಡಿಯ ಗುಂಟ ಸರುವಿನವರೆಗೆ ಬಿತ್ತುವ ಕೂರಿಗೆಯಷ್ಟು ಅಗಲದ ಪಟ್ಟಿಯನ್ನು ಕೆಳಗಿನವನು ಬಿಟ್ಟುಕೊಟ್ಟ. ಅಲ್ಲಿ ಹುಲ್ಲು ಬೆಳೆಸಿ ನೀರಿನ ದಾರಿ ಮಾಡುವುದು, ಹುಲ್ಲು ಪೂರ್ತಿ ಅವನ ದನಗಳಿಗೆ, ಕೋಡಿಯ ಕಲ್ಲು ಜಾರಿದರೆ ರಿಪೇರಿ ಮೇಲಿನವರದು. ಇದನ್ನು ಬರೆದು ಇಬ್ಬರ ಸಹಿ ಹಾಕಿಸಿದೆವು. ಈ ಒಂದು ಒಪ್ಪಂದವೇ ಉಳಿದ ಹೊಲಗಳಿಗೆ ಮಾದರಿ ಆಯಿತು. ಮುಂದಿನ ಹೊಲದವರು ತಾವಾಗಿಯೇ "ನಮಗೂ ಹಂಗ ಬರೀರಿ" ಅನ್ನತೊಡಗಿದರು.

ಸಹಿ ಅಂದಾಗ ಇನ್ನೊಂದು ತೊಡಕು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿರುವವರು ಹುಬ್ಬಳ್ಳಿಯಲ್ಲಿ ಇರುತ್ತಾರೆ, ಹೊಲ ಮಾಡುವವರು ಲಾವಣಿ (ಗುತ್ತಿಗೆ) ಹಾಕಿಕೊಂಡವರು. ಬದು ಹಾಕಲು ಮಾಲೀಕರ ಒಪ್ಪಿಗೆ ಬೇಕು, ಬದು ಕಾಯಲು ಲಾವಣಿದಾರರ ಮನಸ್ಸು ಬೇಕು. ನಾವು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆವು. ಕೆಲವು ಮಾಲೀಕರು ಬದು ಆದ ಮೇಲೆ ಲಾವಣಿ ದರ ಏರಿಸುವ ಯೋಚನೆಯಲ್ಲಿದ್ದರು. ಕೆಲವು ವರ್ಷ ಏರಿಸುವುದಿಲ್ಲ ಅಂತ ಬಾಯಿಮಾತಿನಲ್ಲಾದರೂ ಹೇಳಿಸಿಕೊಂಡೆವು. ಬಡವನ ದುಡಿಮೆಯಿಂದ ಹೊಲ ಸುಧಾರಿಸಿ, ಅದಕ್ಕೇ ಅವನು ಹೊಲ ಬಿಡಬೇಕಾದರೆ ಅದು ನ್ಯಾಯ ಅಲ್ಲ, ಅಲ್ವಾ?

ಮಡ್ಡಿಯ ಗಾಯರಾಣದಲ್ಲಿ (ಊರ ಗೋಮಾಳದಲ್ಲಿ) ಕಂದಕ ತೋಡಿ ಗಿಡ ಹಚ್ಚುವ ಮಾತು ಬಂದಾಗ ಕುರಿಗಾಹಿಗಳು ಎದ್ದು ನಿಂತರು. ಪೂರ್ತಿ ಮುಚ್ಚಿದರೆ ಕುರಿ ಎಲ್ಲಿ ಮೇಯಬೇಕು? ಒಂದು ಭಾಗ ಮುಚ್ಚಿ, ಹುಲ್ಲು ಕಚ್ಚಿಕೊಂಡ ಮೇಲೆ ಅದನ್ನು ಬಿಟ್ಟು ಇನ್ನೊಂದು ಭಾಗ ಮುಚ್ಚುವುದು ಅಂತ ಅವರೇ ಸೂಚಿಸಿದರು. ಯಾವ ಭಾಗ ಮೊದಲು ಅನ್ನುವುದನ್ನೂ ಅವರಿಗೇ ಬಿಟ್ಟೆವು. ಮಾರ್ಗಸೂಚಿಯ ಪ್ರಕಾರ ಜಲಾನಯನ ಸಮಿತಿಯಲ್ಲಿ ಕನಿಷ್ಠ 10 ಜನ ಇರಬೇಕು, ಅರ್ಧದಷ್ಟು ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟರು, ಹೆಣ್ಣುಮಕ್ಕಳು, ಭೂಮಿ ಇಲ್ಲದವರ ಕಡೆಯಿಂದ. ಇಂಥ ತೀರ್ಮಾನದ ದಿನ ಆ ನಿಯಮದ ಬೆಲೆ ತಿಳಿಯುತ್ತದೆ.

ಕೃಷಿ ಹೊಂಡಕ್ಕೆ ಬೇಡಿಕೆ ಎಲ್ಲ ಕಡೆಯಂತೆ ಜಾಸ್ತಿ ಇತ್ತು. ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ, ಪ್ಲಾಸ್ಟಿಕ್ ಹಾಳೆ ಇಲ್ಲದೆಯೂ ನಡೆಯುತ್ತದೆ. ಮಸಾರಿಗೆ ಹಾಳೆ ಬೇಕೇ ಬೇಕು. ಮೇಲಿನ ಹೊಲಗಳ ಬದು ಮುಗಿಯುವವರೆಗೆ ಕೆಳಗೆ ಹೊಂಡ ಇಲ್ಲ ಅಂತ ಸಮಿತಿ ತೀರ್ಮಾನಿಸಿತು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಹೂಳು ತುಂಬುತ್ತದೆ. ಹೊಂಡದ ಬಾಯಿಗೆ ಹೂಳು ಹಿಡಿಯುವ ಗುಂಡಿ ತೋಡುವುದನ್ನು ಕಡ್ಡಾಯ ಮಾಡಿದೆವು.

ವಂತಿಗೆ ಖಾಸಗಿ ಹೊಲದ ಕೆಲಸಕ್ಕೆ 10 ಪರ್ಸೆಂಟ್, ಪರಿಶಿಷ್ಟರಿಗೆ ಮತ್ತು ಸಣ್ಣ ಹಿಡುವಳಿಯವರಿಗೆ 5. ಆ ಹಣ ಜಲಾನಯನ ನಿಧಿಗೆ ಹೋಗುತ್ತದೆ, ಮುಂದಿನ ರಿಪೇರಿಗೆ ಬೇಕಾಗುವುದು ಅದೇ. ಒಂದು ಹಂತದಲ್ಲಿ ಬಿಲ್ ಪಾಸಾಗಲು ತಡವಾಗಿ ಕೂಲಿಯವರಿಗೆ ತೊಂದರೆ ಆಯಿತು. ಸಮಿತಿಯವರು ಪ್ರತಿ ಕೆಲಸದ ಅಳತೆಯನ್ನು ತಾವೇ ಬರೆದಿಟ್ಟಿದ್ದರಿಂದ ಕೇಳುವ ಬಲ ಇತ್ತು. ಹಣ ಬಂತು.

2021ರ ನಂತರ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ 2.0 ಬಂತು. ಅದರಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಫೋನ್ ಮಾಡಿ ಎಲ್ಲಿಂದ ಶುರು ಮಾಡಬೇಕು ಅಂತ ಕೇಳುತ್ತಾರೆ. ಅವರಿಗೆ ಹೇಳುವುದು ಇಷ್ಟು: ಉಪಗ್ರಹ ಚಿತ್ರ, ಇಳಿಜಾರಿನ ನಕ್ಷೆ ಎಲ್ಲ ಕೈಯಲ್ಲಿ ಇರಲಿ, ಅದರಿಂದ ಕೆಲಸ ಸುಲಭ ಆಗುತ್ತದೆ. ಜೊತೆಗೆ ಒಂದು ಕೋಡಿ ವಹಿ ಇಡಿ. ಪ್ರತಿ ಕೋಡಿಗೆ ಒಂದು ಪುಟ. ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿಗೆ ನೀರು ಹೋಗುತ್ತದೆ, ದಾರಿಯ ಜಾಗ ಯಾರದು, ಹುಲ್ಲು ಯಾರಿಗೆ, ರಿಪೇರಿ ಯಾರದು, ಎರಡೂ ಕಡೆಯವರ ಸಹಿ. ಹೊಲ ಮಾರಾಟ ಆದಾಗ ಅಥವಾ ಅಣ್ಣತಮ್ಮಂದಿರು ಪಾಲಾದಾಗ ಆ ಪುಟವನ್ನು ಹೊಸ ಮಾಲೀಕರ ಎದುರು ಓದಿ ಮತ್ತೆ ಸಹಿ ಹಾಕಿಸಬೇಕು. ನಮ್ಮ ಊರಿನ ವಹಿ ಪಂಚಾಯ್ತಿ ಕಚೇರಿಯಲ್ಲಿದೆ, ಅದರ ಇನ್ನೊಂದು ಪ್ರತಿ ಹೆಣ್ಣುಮಕ್ಕಳ ಸಂಘದ ಪೆಟ್ಟಿಗೆಯಲ್ಲಿದೆ. ಮುಂಗಾರಿಗೆ ಮೊದಲು ಸಂಘದವರೇ ಅದನ್ನು ತೆಗೆದು, ಯಾವ ಕೋಡಿಯ ಕಲ್ಲು ಜಾರಿದೆ ಅಂತ ಹೊಲ ಸುತ್ತಿ ನೋಡಿ ಬರುತ್ತಾರೆ.